ಚಳಿಗಾಲದಲ್ಲಿ ಕುಂಬಳದ ಅಗಿ (ಸಸಿ): ಮನೆಯೊಳಗೆ ಮೊಳಕೆ ಬರಿಸಿದ ನನ್ನ ಅನುಭವ

"ಬಳ್ಳಿ ಬೀಜ ಮನ್ಯಾಗ ಮೊಳಸಿ ಹಚ್ಚಿದ್ರ ಹತ್ತಂಗಿಲ್ಲೋ ತಮ್ಮಾ" ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ಆದರೆ ನನ್ನ ಅಗಿ ಹತ್ತಿದೆ, ಅಂದರೆ ಹೊಲದಲ್ಲಿ ಬೇರೂರಿ ನಿಂತಿದೆ. ನೂರಕ್ಕೆ ತೊಂಬತ್ತರ ಹತ್ತಿರ ಹತ್ತಿದೆ.

ಜಮಖಂಡಿ ಕಡೆ ಡಿಸೆಂಬರ್, ಜನವರಿಯ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕರಿ ಮಣ್ಣು ತಣ್ಣಗಿರುತ್ತದೆ, ಊರಿದ ಬೀಜ ಅಲ್ಲೇ ಕೊಳೆಯುತ್ತದೆ. ಉಳಿದದ್ದನ್ನು ಇಲಿ ತೋಡಿ ತಿನ್ನುತ್ತದೆ. ಎರಡು ಹಂಗಾಮು ಹೀಗೇ ಹೋಯಿತು. ಹೈಬ್ರಿಡ್ ಬೀಜ, ಮತ್ತೆ ಊರಿದ ಆಳಿನ ಕೂಲಿ ಸೇರಿ ನಾಲ್ಕೈದು ಸಾವಿರ ಮಣ್ಣುಪಾಲು. ಆಮೇಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಅನ್ನುವ ಕುಂಬಳದ ತಳಿ ಹಿಡಿದೆ. ಅದು ಹೈಬ್ರಿಡ್ ಅಲ್ಲ, ಬೀಜ ನಾವೇ ಇಟ್ಟುಕೊಳ್ಳಬಹುದು.

ಈಗ ಬೀಜವನ್ನು ಮನೆಯಲ್ಲೇ ಮೊಳಸುತ್ತೇನೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ಮಾತ್ರ ನೆನೆಸುತ್ತೇನೆ. ಇಡೀ ದಿನ ಬಿಟ್ಟರೆ ವಾಸನೆ ಬರುತ್ತದೆ. ನೀರಿಗೆ ನಾನು ಹಾಕುವುದು ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಮೇಲೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಒಲೆಯ ಪಕ್ಕದ ಗೂಡಿನಲ್ಲಿ ಇಡುವುದು. ಬಟ್ಟೆ ಹಿಂಡಿದರೆ ಹನಿ ಬೀಳಬಾರದು.

ಗೋಣಿ ತಟ್ಟು ಬೇಡವೇ ಬೇಡ. ಬೇರು ಅದರ ಎಳೆಯೊಳಗೆ ಹೊಕ್ಕು ಬಿಡುತ್ತದೆ, ಬಿಡಿಸುವಾಗ ಚಟ್ ಅಂತ ಮುರಿಯುತ್ತದೆ. ಹಳೇ ಧೋತರದ ಮೆತ್ತನೆ ತುಂಡೇ ಸರಿ. ಮೂರು ನಾಲ್ಕು ದಿನಕ್ಕೆ ಚೂಪು ತುದಿ ಬಿರಿದು ಬಿಳಿ ಬೇರು ಇಣುಕುತ್ತದೆ. ಅರ್ಧ ಉಗುರಿನಷ್ಟಿದ್ದಾಗಲೇ ಅಗಿ ಬೆಳೆಸುವ ಗುಳಿಗಳ ಟ್ರೇಗೆ ಹಾಕಬೇಕು.

98 ಗುಳಿಯ ಟ್ರೇ ಇಕ್ಕಟ್ಟು, 50ರದ್ದು ತನ್ನಿ. ಬೇರು ಕೆಳಗೆ ಮಾಡಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಇಡಿ. ಮೇಲೆ ಮೇಲೆ ಇಟ್ಟರೆ ಸಿಪ್ಪೆ ಎಲೆಗೆ ಟೊಪ್ಪಿಗೆ ಥರ ಅಂಟಿಕೊಳ್ಳುತ್ತದೆ. ಮೊಳಕೆಯ ಬಾಗಿದ ಕುತ್ತಿಗೆ ಮೇಲೆ ಕಂಡ ದಿನವೇ ಬಿಸಿಲಿಗೆ ತನ್ನಿ, ಇಲ್ಲದಿದ್ದರೆ ಸಣಕಲಾಗಿ ಉದ್ದ ಹೋಗುತ್ತದೆ. ಬೀಜದೊಳಗಿಂದ ಬರುವ ಜೋಡಿ ಎಲೆ ಬಿಟ್ಟು, ಮೊದಲ ನಿಜವಾದ ಎಲೆ ಬಿಚ್ಚುತ್ತಿದ್ದಂತೆ, ಸುಮಾರು ಹತ್ತು ಹನ್ನೆರಡು ದಿನಕ್ಕೆ, ಸಂಜೆ ಹೊತ್ತು ಹೊಲದಲ್ಲಿ ಹಚ್ಚಿಬಿಡಿ (ನೆಟ್ಟುಬಿಡಿ). ಬಳ್ಳಿ ಬೆಳೆ ಹತ್ತೋದಿಲ್ಲ ಅನ್ನುವವರು ತಿಂಗಳ ಅಗಿ ಹಚ್ಚಿದವರು. ಅಷ್ಟೊತ್ತಿಗೆ ಬೇರು ಗುಳಿಯಲ್ಲೇ ಸುತ್ತು ಹಾಕಿರುತ್ತದೆ. ಬುಡದ ಉಂಡೆ ಒಡೆಯದಂತೆ ತೆಗೆದರೆ ಕುಂಬಳ ಬಾಡುವುದೂ ಇಲ್ಲ.

ಸುಮ್ನೆ ನೋಡೋಣ ಅಂತ ಹಾಗಲ, ಕಲ್ಲಂಗಡಿಯನ್ನೂ ಹೀಗೇ ಮಾಡಿದೆ. ಕಲ್ಲಂಗಡಿ ಸಲೀಸು. ಹಾಗಲದ ಬೀಜದ ಸಿಪ್ಪೆ ದಪ್ಪ, ನೇಲ್ ಕಟರ್‌ನಿಂದ ತುದಿ ಸ್ವಲ್ಪ ಚಿವುಟಿದ ಮೇಲೆಯೇ ಬಾಯಿ ಬಿಟ್ಟಿತು. ಫೆಬ್ರುವರಿ ಮುಗಿದ ಮೇಲೆ ಇಷ್ಟೆಲ್ಲ ಬೇಡ. ಆಗ ಮಣ್ಣೇ ಬೆಚ್ಚಗಿರುತ್ತದೆ, ಸೀದಾ ಹೊಲಕ್ಕೇ ಊರಿ.