ನಿಮ್ಮ ಮೌಲ್ಯಗಳಿಗೆ ಒಗ್ಗುವ ದೇಶವನ್ನು ಆರಿಸಿಕೊಳ್ಳುವುದು ಹೇಗೆ?

ಹೆಣ್ಣು ಗಂಡು ಭೇದವಿಲ್ಲದ ಸಮಾನತೆ, ಅಂಜಿಕೆಯಿಲ್ಲದೆ ಮಾತನಾಡುವ ಸ್ವಾತಂತ್ರ್ಯ, ಒಲಿದವರೊಡನೆ ಬಾಳುವ ಹಕ್ಕು, ಬಡವರಿಗೂ ದಕ್ಕುವ ಚಿಕಿತ್ಸೆ, ಪರಿಸರದ ಕಾಳಜಿ. ಇಂಥ ಪ್ರಗತಿಪರ ಮೌಲ್ಯಗಳನ್ನು ನಂಬಿದವರು ಬೇರೊಂದು ದೇಶದಲ್ಲಿ ನೆಲೆಸುವ ಯೋಚನೆ ಬಂದಾಗ ಸಾಮಾನ್ಯವಾಗಿ ಯಾವುದಾದರೊಂದು ಜಾಗತಿಕ ಶ್ರೇಯಾಂಕ ಪಟ್ಟಿಯನ್ನು ತೆರೆದು, ಮೇಲಿನ ನಾಲ್ಕೈದು ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ನಾರ್ವೆ, ಫಿನ್ಲೆಂಡ್, ಡೆನ್ಮಾರ್ಕ್, ನ್ಯೂಜಿಲೆಂಡ್ ಅಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ, ಅದಕ್ಕೆ ಕಾರಣಗಳೂ ಇವೆ. ಆದರೆ ಅಂಥ ಪಟ್ಟಿಗಳು ಬಹುಮಟ್ಟಿಗೆ ಅಳೆಯುವುದು ಒಂದು ದೇಶ ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು. ಹೊರಗಿನಿಂದ ಬಂದವರಿಗೆ ಆ ಹಕ್ಕುಗಳಲ್ಲಿ ಯಾವುವು ಸಿಗುತ್ತವೆ, ಎಷ್ಟು ವರ್ಷದ ಮೇಲೆ ಸಿಗುತ್ತವೆ, ಯಾವ ಷರತ್ತಿಗೆ ಒಳಪಟ್ಟು ಸಿಗುತ್ತವೆ ಎಂಬುದೇ ನಿಮ್ಮ ಬದುಕನ್ನು ನಿರ್ಧರಿಸುವ ಪ್ರಶ್ನೆ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಮೊದಲು ನಿಮ್ಮ ಮೌಲ್ಯಗಳನ್ನು ಬಿಡಿಸಿ ಬರೆಯಿರಿ

ಪ್ರಗತಿಪರ ಮೌಲ್ಯಗಳೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬರುವುದಿಲ್ಲ. ಮಾಲ್ಟಾವನ್ನು ನೋಡಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತು ಇಲ್ಗಾ-ಯುರೋಪ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ನಕ್ಷೆಯಲ್ಲಿ ಆ ಪುಟ್ಟ ದ್ವೀಪರಾಷ್ಟ್ರ ಹಲವು ವರ್ಷ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಅದೇ ಮಾಲ್ಟಾದಲ್ಲಿ 2023ರವರೆಗೆ ಗರ್ಭಪಾತಕ್ಕೆ ಸಂಪೂರ್ಣ ನಿಷೇಧವಿತ್ತು. ಆ ವರ್ಷದ ತಿದ್ದುಪಡಿ ಕೂಡ ತಾಯಿಯ ಜೀವಕ್ಕೆ ಅಪಾಯವಿರುವ ಸಂದರ್ಭಕ್ಕಷ್ಟೇ ವಿನಾಯಿತಿ ಕೊಟ್ಟಿತು. ಕೋಸ್ಟರಿಕ 1948ರಲ್ಲೇ ಸೈನ್ಯವನ್ನು ವಿಸರ್ಜಿಸಿದ, 2020ರಲ್ಲಿ ಸಲಿಂಗ ವಿವಾಹವನ್ನು ಒಪ್ಪಿದ ದೇಶ. ಆದರೂ ಕ್ಯಾಥೊಲಿಕ್ ಧರ್ಮ ಅಲ್ಲಿನ ಸಂವಿಧಾನದಲ್ಲಿ ರಾಜ್ಯಧರ್ಮವಾಗಿಯೇ ಉಳಿದಿದೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ ಚಾಲಿತವಾಗಿದ್ದವು, ಆದರೆ ಆ ದೇಶದ ಸಂಪತ್ತಿನ ದೊಡ್ಡ ಪಾಲು ಬರುವುದು ತೈಲ ಮತ್ತು ಅನಿಲದ ರಫ್ತಿನಿಂದ.

ಹಾಗಾಗಿ ‘ಉದಾರ ದೇಶ ಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ನನ್ನ ಸಂಗಾತಿಗೆ ನನ್ನ ಜೊತೆ ವೀಸಾ ಸಿಗುತ್ತದೆಯೇ, ನನ್ನ ಮಗಳಿಗೆ ಗರ್ಭಪಾತದ ಅಗತ್ಯ ಬಿದ್ದರೆ ಆಸ್ಪತ್ರೆ ಅದನ್ನು ಮಾಡುತ್ತದೆಯೇ, ಮಾಲೀಕರನ್ನು ಪ್ರಶ್ನಿಸಿದರೆ ದೇಶ ಬಿಡಬೇಕಾಗುತ್ತದೆಯೇ ಎಂಬಂಥ, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಬರೆಯಿರಿ. ಆಮೇಲೆ ಅವುಗಳಲ್ಲಿ ಯಾವುದನ್ನು ಎಂದಿಗೂ ಬಿಟ್ಟುಕೊಡಲಾರಿರಿ ಎಂಬುದನ್ನು ಗುರುತಿಸಿ. ಇಲ್ಲಿ ನಿಮ್ಮ ಮೌಲ್ಯಗಳೇ ಒಂದಕ್ಕೊಂದು ಎದುರಾಗಬಹುದು. ಫ್ರಾನ್ಸ್ 1905ರಲ್ಲಿ ಧರ್ಮವನ್ನೂ ಪ್ರಭುತ್ವವನ್ನೂ ಬೇರ್ಪಡಿಸಿತು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. ತಲೆವಸ್ತ್ರ ತೊಡುವ ಹುಡುಗಿಗೂ ಪೇಟ ಧರಿಸುವ ಸಿಖ್ ಹುಡುಗನಿಗೂ ಅದು ಅನ್ವಯಿಸುತ್ತದೆ. ಧರ್ಮನಿರಪೇಕ್ಷ ಶಾಲೆ, ಇಷ್ಟದ ಉಡುಪು ಇವೆರಡರಲ್ಲಿ ನಿಮಗೆ ಯಾವುದು ಮುಖ್ಯ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಉರುಗ್ವೆ ಬೇರೊಂದು ಬಗೆಯಲ್ಲಿ ನಡೆದುಕೊಂಡಿದೆ. ಅಲ್ಲಿ 1919ರಲ್ಲಿ ಚರ್ಚು ಮತ್ತು ಪ್ರಭುತ್ವ ಬೇರೆಯಾದವು. ಇಂದಿಗೂ ಸರ್ಕಾರಿ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ‘ಕುಟುಂಬದ ದಿನ’, ಈಸ್ಟರ್‌ಗೆ ಮುಂಚಿನ ವಾರ ‘ಪ್ರವಾಸೋದ್ಯಮ ವಾರ’. ಗರ್ಭಪಾತವನ್ನು 2012ರಲ್ಲಿ, ಸಲಿಂಗ ವಿವಾಹವನ್ನು 2013ರಲ್ಲಿ ಕಾನೂನುಬದ್ಧಗೊಳಿಸಿದ ಈ ದೇಶದ ಹೆಸರು ಇಂಥ ಚರ್ಚೆಗಳಲ್ಲಿ ಅಪರೂಪಕ್ಕೆ ಬರುತ್ತದೆ. ಹೆಚ್ಚು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಹಕ್ಕು ಯಾವುದರ ಆಧಾರದ ಮೇಲೆ ನಿಂತಿದೆ ಎಂದು ಪರಿಶೀಲಿಸಿ

ಒಂದು ಹಕ್ಕು ಇಂದು ಇದೆ ಎಂಬುದರಷ್ಟೇ ಮುಖ್ಯವಾದುದು ಅದನ್ನು ತೆಗೆದುಹಾಕಲು ಏನು ಬೇಕಾಗುತ್ತದೆ ಎಂಬುದು. ಅಮೆರಿಕದಲ್ಲಿ ಗರ್ಭಪಾತದ ಹಕ್ಕು 1973ರ ಒಂದು ನ್ಯಾಯಾಲಯದ ತೀರ್ಪನ್ನು ಅವಲಂಬಿಸಿತ್ತು. ಸುಮಾರು ಅರ್ಧ ಶತಮಾನದ ನಂತರ, 2022ರಲ್ಲಿ, ಅದೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ಈಗ ಒಂದು ರಾಜ್ಯದಲ್ಲಿ ಇರುವ ಹಕ್ಕು ಗಡಿಯಾಚೆಯ ರಾಜ್ಯದಲ್ಲಿ ಇಲ್ಲ. ಪೋಲೆಂಡಿನಲ್ಲಿ 2020ರಲ್ಲಿ ಸಂವಿಧಾನ ನ್ಯಾಯಮಂಡಳಿಯ ಒಂದು ತೀರ್ಪು ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಇದಕ್ಕೆ ಎದುರಾಗಿ ಐರ್ಲೆಂಡಿನ ಜನ 2015ರಲ್ಲಿ ಸಲಿಂಗ ವಿವಾಹಕ್ಕೂ 2018ರಲ್ಲಿ ಗರ್ಭಪಾತದ ನಿಷೇಧವನ್ನು ತೆಗೆಯುವುದಕ್ಕೂ ಜನಮತಗಣನೆಯಲ್ಲಿ ಮತ ಹಾಕಿ ಸಂವಿಧಾನವನ್ನೇ ಬದಲಾಯಿಸಿದರು. 2024ರ ಮಾರ್ಚ್‌ನಲ್ಲಿ ಫ್ರಾನ್ಸ್ ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನಕ್ಕೆ ಸೇರಿಸಿತು. ಜನರೇ ಮತ ಹಾಕಿ ಪಡೆದುದನ್ನು, ಸಂವಿಧಾನದಲ್ಲಿ ಬರೆದುದನ್ನು ಹೊಸ ಸರ್ಕಾರವೊಂದು ಒಂದೇ ಅಧಿವೇಶನದಲ್ಲಿ ಅಳಿಸಿಹಾಕುವುದು ಕಷ್ಟ.

ಕಾನೂನು ಇದ್ದ ಮಾತ್ರಕ್ಕೆ ಸೇವೆ ಸಿಗುತ್ತದೆ ಎಂದೂ ಭಾವಿಸಬಾರದು. ಇಟಲಿಯಲ್ಲಿ 1978ರಿಂದ ಗರ್ಭಪಾತ ಕಾನೂನುಬದ್ಧ. ಆದರೆ ಆತ್ಮಸಾಕ್ಷಿಯ ಕಾರಣ ನೀಡಿ ಅದನ್ನು ಮಾಡಲು ನಿರಾಕರಿಸುವ ಅವಕಾಶವನ್ನೂ ಅದೇ ಕಾನೂನು ವೈದ್ಯರಿಗೆ ಕೊಟ್ಟಿದೆ, ಮತ್ತು ಅಲ್ಲಿನ ಸ್ತ್ರೀರೋಗ ತಜ್ಞರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೆ ನಿರಾಕರಿಸಿದವರು. ಆದ್ದರಿಂದ ಕಾನೂನನ್ನು ಓದಿದ ಮೇಲೆ, ನೀವು ವಾಸಿಸಲಿರುವ ಪ್ರದೇಶದ ಆಸ್ಪತ್ರೆಗಳಲ್ಲಿ ಸ್ಥಿತಿ ಹೇಗಿದೆ ಎಂದು ವಿಚಾರಿಸುವುದು ಅಗತ್ಯ.

ನಿಮ್ಮ ವೀಸಾದ ಕಣ್ಣಿನಿಂದ ಎಲ್ಲವನ್ನೂ ಮತ್ತೊಮ್ಮೆ ಓದಿ

ಬಹುತೇಕರು ಕೈಬಿಡುವ ಹಂತ ಇದು, ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಕೊಡಬೇಕು. ತನ್ನ ಜನರ ವಿಷಯದಲ್ಲಿ ಅತ್ಯಂತ ಉದಾರವಾಗಿರುವ ದೇಶ ಹೊರಗಿನವರ ವಿಷಯದಲ್ಲಿ ಬಿಗಿಯಾಗಿರುವುದು ಅಪರೂಪವಲ್ಲ. ಡೆನ್ಮಾರ್ಕ್ 2002ರಿಂದ, ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಇಬ್ಬರಿಗೂ 24 ವರ್ಷ ತುಂಬಿರಬೇಕು ಎಂಬ ನಿಯಮ ಇಟ್ಟುಕೊಂಡಿದೆ. ಬ್ರಿಟನ್ 2024ರ ಏಪ್ರಿಲ್‌ನಲ್ಲಿ, ಸಂಗಾತಿಯ ವೀಸಾಕ್ಕೆ ಇರಬೇಕಾದ ಕನಿಷ್ಠ ವಾರ್ಷಿಕ ಆದಾಯವನ್ನು 29,000 ಪೌಂಡಿಗೆ ಏರಿಸಿತು. ಕೆನಡಾ ಮದುವೆಯಾಗದೆ ಒಂದು ವರ್ಷ ಒಟ್ಟಿಗೆ ಬಾಳಿದ ಜೋಡಿಯನ್ನೂ, ಅವರು ಸಲಿಂಗಿಗಳಾಗಿದ್ದರೂ, ವಲಸೆಯ ಲೆಕ್ಕದಲ್ಲಿ ಕುಟುಂಬವೆಂದು ಪರಿಗಣಿಸುತ್ತದೆ. ಈ ಮೂರೂ ದೇಶಗಳು ಶ್ರೇಯಾಂಕಗಳಲ್ಲಿ ಮೇಲಿರುವಂಥವೇ. ಆದರೆ ಇಪ್ಪತ್ತೆರಡರ ಹರೆಯದಲ್ಲಿ ಮದುವೆಯಾದವರಿಗೂ ಮದುವೆಯನ್ನೇ ಬೇಡವೆಂದವರಿಗೂ ಇವು ಬೇರೆ ಬೇರೆ ಉತ್ತರ ಕೊಡುತ್ತವೆ.

ಕುಟುಂಬದಲ್ಲಿ ಅಂಗವಿಕಲ ಮಗು ಅಥವಾ ದೀರ್ಘಕಾಲದ ಕಾಯಿಲೆ ಇರುವವರು ಇದ್ದರೆ ಈ ಪರಿಶೀಲನೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಈ ಮೂರೂ ದೇಶಗಳಲ್ಲಿ, ಒಬ್ಬ ಅರ್ಜಿದಾರರಿಗೆ ತಗಲಬಹುದಾದ ಚಿಕಿತ್ಸೆ ಮತ್ತು ಆರೈಕೆಯ ಅಂದಾಜು ವೆಚ್ಚ ಒಂದು ಮಿತಿಯನ್ನು ಮೀರಿದರೆ ಅರ್ಜಿಯನ್ನು ತಿರಸ್ಕರಿಸಲು ಅವಕಾಶವಿದೆ. ಎಲ್ಲರಿಗೂ ಆರೋಗ್ಯ ಸೇವೆ ಎನ್ನುವ ದೇಶಗಳಲ್ಲಿ ಇಂಥ ನಿಯಮ ಇರುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ, ಆದರೆ ಅದು ಇದೆ ಎಂಬುದನ್ನು ತಿಳಿಯದೆ ಹೊರಟರೆ ನೋಯುವವರು ಮಕ್ಕಳು. ಚಿಕಿತ್ಸೆಯ ಹಣದ ಲೆಕ್ಕವೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಹೆಚ್ಚಿನ ವಲಸಿಗ ವಯಸ್ಕರು ವೀಸಾ ಶುಲ್ಕದ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು. ನೆದರ್ಲೆಂಡ್ಸ್‌ನಲ್ಲಿ ನೆಲೆಸಲು ಬಂದವರು ನಾಲ್ಕು ತಿಂಗಳೊಳಗೆ ತಾವೇ ವಿಮೆ ಮಾಡಿಸಿಕೊಳ್ಳಬೇಕು.

ಕೆಲಸದ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟುಬಿದ್ದಿದ್ದರೆ, ಆ ಕೆಲಸ ಹೋದ ಮೇಲೆ ದೇಶದಲ್ಲಿ ಎಷ್ಟು ದಿನ ಉಳಿಯಬಹುದು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಷ್ಕರ ಮಾಡುವ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಇರಬಹುದು. ಕೆಲಸ ಕಳೆದುಕೊಂಡರೆ ಕುಟುಂಬ ಸಮೇತ ಹೊರಡಬೇಕಾದವರು ಅದನ್ನು ಬಳಸುವ ಧೈರ್ಯ ಮಾಡುವುದು ಕಷ್ಟ.

ಇನ್ನು ಪೌರತ್ವ. ಜರ್ಮನಿ 2024ರಲ್ಲಿ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಎಂಟು ವರ್ಷದಿಂದ ಐದಕ್ಕೆ ಇಳಿಸಿ, ಹಳೆಯ ಪೌರತ್ವವನ್ನು ಉಳಿಸಿಕೊಳ್ಳಲೂ ಅವಕಾಶ ಮಾಡಿಕೊಟ್ಟಿತು. ಅದೇ ಸುಧಾರಣೆಯಲ್ಲಿ ಬಂದಿದ್ದ ಮೂರು ವರ್ಷದ ಶೀಘ್ರ ಮಾರ್ಗವನ್ನು ಮುಂದಿನ ಸರ್ಕಾರ 2025ರಲ್ಲಿ ಮುಚ್ಚಿತು. ಸ್ವಿಟ್ಜರ್ಲೆಂಡಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷ ಬೇಕು, ಜೊತೆಗೆ ಪ್ರಾಂತ್ಯವೂ ಊರೂ ಒಪ್ಪಬೇಕು. ಈ ಅವಧಿಯ ಪರಿಣಾಮವನ್ನು ವಿಯೆನ್ನಾ ನಗರದಲ್ಲಿ ಹತ್ತಿರದಿಂದ ನೋಡಬಹುದು. 1920ರ ದಶಕದಿಂದ ನಗರಾಡಳಿತವೇ ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುತ್ತ ಬಂದ ಆ ನಗರದಲ್ಲಿ ಇಂದು ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ನಗರದ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ವಸತಿಯನ್ನು ಹಕ್ಕೆಂದು ನಂಬುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಆಸ್ಟ್ರಿಯಾದ ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು, ಹಳೆಯ ಪೌರತ್ವವನ್ನೂ ಬಿಡಬೇಕು. ಹಾಗಾಗಿ ಮತ ಹಾಕುವ ವಯಸ್ಸಿನ ವಿಯೆನ್ನಾ ನಿವಾಸಿಗಳಲ್ಲಿ ಮೂರನೇ ಒಂದರಷ್ಟು ಜನ, ತಾವು ಬಾಡಿಗೆ ಕಟ್ಟುವ, ತೆರಿಗೆ ಕೊಡುವ ನಗರದ ವಿಧಾನಸಭೆಗೆ ಮತ ಹಾಕಲಾರರು.

ಶ್ರೇಯಾಂಕಗಳನ್ನು ಬದಿಗಿಡಬೇಡಿ, ಬಿಡಿಸಿ ಓದಿ

ದೇಶಗಳ ರಾಜಕೀಯ ಹಕ್ಕು ಮತ್ತು ನಾಗರಿಕ ಸ್ವಾತಂತ್ರ್ಯಗಳನ್ನು ಅಳೆಯುವ ಫ್ರೀಡಂ ಹೌಸ್ ಸಂಸ್ಥೆಯ ವಾರ್ಷಿಕ ವರದಿ, ಗಡಿಗಳಿಲ್ಲದ ವರದಿಗಾರರ ಸಂಸ್ಥೆ 180 ದೇಶಗಳಿಗೆ ಕೊಡುವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕ ಇವೆಲ್ಲ ಉಪಯುಕ್ತವೇ. ಅವುಗಳಲ್ಲಿ ಈ ವರ್ಷದ ಸ್ಥಾನಕ್ಕಿಂತ ಕಳೆದ ಹತ್ತು ವರ್ಷಗಳ ಏರಿಳಿತವನ್ನು ನೋಡಿ. ವಲಸಿಗರಿಗೆ ನಿಜವಾಗಿ ಬೇಕಾದುದು ಮೈಪೆಕ್ಸ್ ಎಂಬ ಸೂಚ್ಯಂಕ. ಉದ್ಯೋಗ, ಕುಟುಂಬದ ಸೇರ್ಪಡೆ, ಶಿಕ್ಷಣ, ಆರೋಗ್ಯ, ರಾಜಕೀಯ ಭಾಗವಹಿಸುವಿಕೆ, ಕಾಯಂ ವಾಸ, ಪೌರತ್ವ, ತಾರತಮ್ಯ ತಡೆ ಎಂಬ ಎಂಟು ವಿಭಾಗಗಳಲ್ಲಿ ಅದು ವಲಸಿಗರ ಬಗೆಗಿನ ನೀತಿಯನ್ನೇ ಅಳೆಯುತ್ತದೆ. ಅದರ 2020ರ ಆವೃತ್ತಿಯಲ್ಲಿ ಸ್ವೀಡನ್ ಎಲ್ಲರಿಗಿಂತ ಮೇಲಿತ್ತು, ನೆರೆಯ ಡೆನ್ಮಾರ್ಕ್ ಬಹಳ ಕೆಳಗಿತ್ತು. ಸೂಚ್ಯಂಕಗಳು ತಡವಾಗಿ ಬರುತ್ತವೆ, ನಿಯಮಗಳು ಬೇಗ ಬದಲಾಗುತ್ತವೆ. ಆದ್ದರಿಂದ ಕೊನೆಯ ಮಾತಿಗೆ ಆಯಾ ಸರ್ಕಾರದ ವಲಸೆ ಇಲಾಖೆಯ ಜಾಲತಾಣವನ್ನೇ, ಅದರಲ್ಲಿರುವ ದಿನಾಂಕ ಸಮೇತ, ನೋಡಬೇಕು.

ದುಡಿಮೆ, ತೆರಿಗೆ, ಮನೆ

ಸ್ವೀಡನ್ನಿನಲ್ಲಿ ಒಂದು ಮಗುವಿಗೆ ತಂದೆತಾಯಿಗಳಿಬ್ಬರಿಗೂ ಸೇರಿ 480 ದಿನಗಳ ವೇತನಸಹಿತ ರಜೆ ಇದೆ. ಅದರಲ್ಲಿ 90 ದಿನ ತಂದೆಗೇ, 90 ದಿನ ತಾಯಿಗೇ ಮೀಸಲು, ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಮಗುವಿನ ಲಾಲನೆಯಲ್ಲಿ ಗಂಡಿಗೂ ಪಾಲಿದೆ ಎಂಬ ಮಾತನ್ನು ಕಾನೂನು ಹೀಗೆ ದಿನಗಳ ಲೆಕ್ಕದಲ್ಲಿ ಬರೆದಿಟ್ಟಿರುವುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಆದರೆ ಇದೇ ಸ್ವೀಡನ್ನಿನಲ್ಲಿ, ಡೆನ್ಮಾರ್ಕಿನಲ್ಲೂ, ಕನಿಷ್ಠ ವೇತನವನ್ನು ಗೊತ್ತುಪಡಿಸುವ ಕಾನೂನಿಲ್ಲ. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕೂತು ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದವೇ ವೇತನವನ್ನು ಕಾಪಾಡುತ್ತದೆ. ಹಾಗಾಗಿ ಕೆಲಸಕ್ಕೆ ಸಹಿ ಹಾಕುವ ಮುನ್ನ ಆ ಸಂಸ್ಥೆಯಲ್ಲಿ ಅಂಥ ಒಪ್ಪಂದ ಇದೆಯೇ ಎಂದು ಕೇಳಿ, ಸಂಘಕ್ಕೆ ಸೇರಿ. ಇವಕ್ಕೆಲ್ಲ ಹಣ ಬರುವುದು ತೆರಿಗೆಯಿಂದ: ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೂರರಲ್ಲೂ ಹೆಚ್ಚಿನ ಸರಕುಗಳ ಮೇಲಿನ ಮೌಲ್ಯವರ್ಧಿತ ತೆರಿಗೆಯೇ ಶೇಕಡ 25. ಸಂಬಳದ ಚೀಟಿಯಲ್ಲಿ ಕಡಿತವನ್ನು ಕಂಡು ಮರುಗುವವರು ಈ ದೇಶಗಳನ್ನು ಆರಿಸಿಕೊಳ್ಳದಿರುವುದೇ ಒಳ್ಳೆಯದು.

ಹೋಗಿ ನೋಡಿ, ಕೇಳಿ

ಎರಡು ಮೂರು ಹೆಸರುಗಳು ಉಳಿದ ಮೇಲೆ, ಸಾಧ್ಯವಿದ್ದರೆ ಅಲ್ಲಿನ ಅತ್ಯಂತ ಕಠಿಣ ಋತುವಿನಲ್ಲಿ ಕೆಲವು ವಾರ ಇದ್ದುಬನ್ನಿ. ಪ್ರವಾಸಿ ತಾಣಗಳನ್ನು ಬಿಟ್ಟು ಬಾಡಿಗೆ ಮನೆ ಹುಡುಕಿ, ಶಾಲೆಗೆ ಹೋಗಿ ವಿಚಾರಿಸಿ, ಸ್ಥಳೀಯ ಆಡಳಿತದ ಸಾರ್ವಜನಿಕ ಸಭೆಯೊಂದರಲ್ಲಿ ಕೂತು ಕೇಳಿ. ಮುಖ್ಯವಾಗಿ, ನಿಮ್ಮದೇ ಪಾಸ್‌ಪೋರ್ಟ್, ನಿಮ್ಮದೇ ಬಗೆಯ ವೀಸಾ ಹಿಡಿದು ಐದಾರು ವರ್ಷ ಹಿಂದೆ ಬಂದವರನ್ನು ಹುಡುಕಿ ಮಾತನಾಡಿಸಿ. ಮನೆ ಬಾಡಿಗೆಗೆ ಕೇಳಿದಾಗ ಹೆಸರು ನೋಡಿ ನಿರಾಕರಿಸಿದರೇ, ಹೆರಿಗೆಯ ಸಮಯದಲ್ಲಿ ಭಾಷೆ ಬಾರದೆ ಏನಾಯಿತು, ದೂರು ಕೊಟ್ಟಾಗ ಯಾರು ಕೇಳಿಸಿಕೊಂಡರು ಎಂಬ ಪ್ರಶ್ನೆಗಳಿಗೆ ಅಲ್ಲೇ ಹುಟ್ಟಿದವರ ಬಳಿ ಉತ್ತರ ಇರುವುದಿಲ್ಲ. ಭಾಷೆ ಕಲಿಯುವುದನ್ನು ಹೊರಡುವ ಮೊದಲೇ ಆರಂಭಿಸಿ. ಪೌರತ್ವದ ಪರೀಕ್ಷೆಗೆ ಮಾತ್ರವಲ್ಲ, ಪಕ್ಕದ ಮನೆಯವರ ಗೆಳೆತನಕ್ಕೂ ಅದು ಬೇಕು.

ತಲುಪಿದ ಮೇಲೆ ಮಾಡಬೇಕಾದ ಮೊದಲ ಕೆಲಸ

ಹಕ್ಕುಗಳನ್ನು ಅನುಭವಿಸುವವರು ಅವುಗಳನ್ನು ಕಾಯುವ ಕೆಲಸದಲ್ಲೂ ಕೈಜೋಡಿಸಬೇಕಾದುದು ನ್ಯಾಯ, ಆದ್ದರಿಂದ ಮತದ ಹಕ್ಕು ಯಾವಾಗ ಸಿಗುತ್ತದೆ ಎಂಬುದನ್ನೂ ನಿಮ್ಮ ಆಯ್ಕೆಯ ಲೆಕ್ಕಕ್ಕೆ ಸೇರಿಸಿ. ಇದಕ್ಕೆ ಎಲ್ಲ ಕಡೆಯೂ ಪೌರತ್ವದವರೆಗೆ ಕಾಯಬೇಕಿಲ್ಲ. ಹೆಣ್ಣುಮಕ್ಕಳಿಗೆ 1893ರಲ್ಲೇ ಮತದ ಹಕ್ಕು ಕೊಟ್ಟ ನ್ಯೂಜಿಲೆಂಡಿನಲ್ಲಿ, ವಾಸದ ವೀಸಾ ಪಡೆದು ಒಂದು ವರ್ಷ ಸತತವಾಗಿ ನೆಲೆಸಿದವರು ಸಂಸತ್ತಿನ ಚುನಾವಣೆಯಲ್ಲೇ ಮತ ಹಾಕಬಹುದು. ಸ್ವೀಡನ್ನಿನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗೂ ಮೂರು ವರ್ಷದ ನೋಂದಾಯಿತ ವಾಸದ ಬಳಿಕ ಸ್ಥಳೀಯ ಮತ್ತು ಪ್ರಾದೇಶಿಕ ಚುನಾವಣೆಗಳಲ್ಲಿ ಮತವಿದೆ. ಐರ್ಲೆಂಡಿನಲ್ಲಿ ಯಾವ ದೇಶದ ಪ್ರಜೆಯಾಗಿದ್ದರೂ ಸರಿ, ಅಲ್ಲಿ ವಾಸವಾಗಿರುವ ವಯಸ್ಕರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು; ವಿಳಾಸ ಖಾತ್ರಿಯಾದ ಕೂಡಲೇ ಆ ಅರ್ಜಿಯನ್ನು ತುಂಬಿಕೊಡಿ.