ತಲೆಗೆ ಪೆಟ್ಟಾದವರ ಕೈಗೆ ಬಣ್ಣ ಕೊಡುವ ಮುಂಚೆ: ಮನೆಯಲ್ಲೇ ಮಾಡಬಹುದಾದದ್ದು

ತಮ್ಮನಿಗೆ ಬೈಕ್ ಅಪಘಾತ ಆಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಸ್ಲೇಟಿನ ಮೇಲೆ ಐದು ಸಾಲು, ಸಾಲಿಗೆ ಐದು ಚುಕ್ಕಿ ಇಟ್ಟು "ಸೇರಿಸಪ್ಪ" ಅಂದೆ. ಬಲಗಡೆಯ ಚುಕ್ಕಿಗಳನ್ನೆಲ್ಲ ನೀಟಾಗಿ ಸೇರಿಸಿದ. ಎಡಗಡೆಯವು ಹಾಗೇ ಇದ್ದವು. "ಮುಗೀತಾ?" ಅಂದರೆ "ಮುಗೀತಕ್ಕಾ" ಅಂದ. ಊಟಕ್ಕೆ ಕೂತಾಗಲೂ ಅಷ್ಟೇ, ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಮುಟ್ಟದೆ ಏಳುತ್ತಿದ್ದ, ನಾವು ಅವನಿಗೆ ಪಲ್ಯ ಸೇರುತ್ತಿಲ್ಲ ಅಂದುಕೊಂಡು ದಿನಾ ಬೇರೆ ಬೇರೆ ಮಾಡುತ್ತಿದ್ದೆವು.

ಅವನ ಕಣ್ಣು ಸರಿಯಾಗಿಯೇ ಇತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಇದು ನಮಗೆ ಗೊತ್ತಾಗಿದ್ದು ಆ ಸ್ಲೇಟಿನಿಂದ. ಡಿಸ್ಚಾರ್ಜ್ ಮಾಡುವಾಗ ಮಾತ್ರೆ ಚೀಟಿ ಕೊಟ್ಟರು, ಮನೆಯಲ್ಲಿ ಏನು ಮಾಡಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಶಿಡ್ಲಘಟ್ಟದಂಥ ಊರಲ್ಲಿ ಇರುವವರಿಗೆ ವಾರವಾರ ಬೆಂಗಳೂರಿಗೆ ಓಡಾಡುವುದು ಸುಲಭ ಅಲ್ಲ, ಅದಕ್ಕೇ ನಾವು ಕಲಿತದ್ದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆರ್ಟ್ ಥೆರಪಿ ಅಂದರೆ ಚಿತ್ರ, ಬಣ್ಣಗಳ ಮೂಲಕ ಕೊಡುವ ಚಿಕಿತ್ಸೆ, ಅದಕ್ಕೇ ತರಬೇತಿ ಆದವರು ಕೂತು ಮಾಡಿಸುವಂಥದ್ದು. ಮನೆಯಲ್ಲಿ ನಾವು ಮಾಡುವುದು ಅದರ ಜೊತೆಗಿನ ಅಭ್ಯಾಸ, ಅಷ್ಟೇ. ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೆ ಬೇರೆ ವಿಭಾಗವೇ ಇದೆ, ಒಂದು ಸಲವಾದರೂ ಅಂಥ ಕಡೆ ತೋರಿಸಿ ಯಾವ ಶಕ್ತಿ ಕಮ್ಮಿ ಆಗಿದೆ ಅಂತ ತಿಳಿದುಕೊಂಡು ಬನ್ನಿ. ಯಾಕೆಂದರೆ ಏನು ಮಾಡಿಸಬೇಕು ಅನ್ನುವುದು ಅದರ ಮೇಲೇ ನಿಂತಿದೆ. ಕೈ ಸೋತವರಿಗೆ ಒಂದು ಬಗೆ, ಮಾತು ಹೋದವರಿಗೆ ಒಂದು ಬಗೆ. ಸುಮ್ನೆ ಬಣ್ಣದ ಡಬ್ಬಿ ತಂದಿಟ್ಟರೆ ಆಗಲ್ಲ.

ಎಡಗಡೆ ಮರೆಯುವವರ ವಿಷಯ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ. ಹಾಳೆಯ ಅಥವಾ ಸ್ಲೇಟಿನ ಎಡ ಅಂಚಿಗೆ ಮೇಲಿಂದ ಕೆಳಗೆ ದಪ್ಪ ಕೆಂಪು ಟೇಪು ಅಂಟಿಸಿ, ಇಲ್ಲವೇ ಕೆಂಪು ಉಲ್ಲನ್ ದಾರ ಕಟ್ಟಿ. "ಮೊದಲು ಕೆಂಪು ಹುಡುಕು, ಅಲ್ಲಿಂದ ಶುರು ಮಾಡು" ಅನ್ನಿ. ಪ್ರತಿ ಸಾಲಿಗೂ ಅದೇ ಮಾತು, ಅದೇ ಧ್ವನಿ. ಕೆಂಪು ಸಿಗದಿದ್ದರೆ ನೀವು ಬೆರಳಿಟ್ಟು ತೋರಿಸಿ, ಆದರೆ ಅವರ ತಲೆ ಹಿಡಿದು ತಿರುಗಿಸಬೇಡಿ. ಸಾಲಿನ ಚುಕ್ಕಿಗಳನ್ನು ಕೆಂಪಿನಿಂದ ಬಲಕ್ಕೆ ಜೋರಾಗಿ ಎಣಿಸಲಿ, ಆಮೇಲೆ ಗೆರೆ ಎಳೆಯಲಿ. ಮೊದಲು ಮೂರು ಚುಕ್ಕಿ ಸಾಕು, ಐದಕ್ಕೆ ನಾವು ಬಂದಿದ್ದು ತಿಂಗಳ ಮೇಲೆ. ಚುಕ್ಕಿ ರಂಗೋಲಿ ಇದಕ್ಕೆ ಬಹಳ ಒಳ್ಳೆಯದು ಅಂತ ನನ್ನ ಅನುಭವ, ಎರಡೂ ಕಡೆ ಒಂದೇ ಥರ ಇರಬೇಕಾದ್ದರಿಂದ ಎಲ್ಲಿ ಬಿಟ್ಟುಹೋಗಿದೆ ಅಂತ ಅವರಿಗೇ ಕಾಣುವ ಹೊತ್ತು ಬರುತ್ತದೆ.

ಜರ್ಮನಿಯ ಚಿತ್ರಕಾರ ಆಂಟನ್ ರೇಡರ್‌ಶೈಟ್ ಅವರಿಗೆ 1967ರಲ್ಲಿ ಪಾರ್ಶ್ವವಾಯು ಆಗಿ ಇದೇ ತೊಂದರೆ ಬಂದಿತ್ತು. ಅವರು ತಮ್ಮ ಮುಖವನ್ನೇ ಮತ್ತೆ ಮತ್ತೆ ಬಿಡಿಸಿದರು. ಮೊದಮೊದಲ ಚಿತ್ರಗಳಲ್ಲಿ ಎಡಭಾಗ ಹೆಚ್ಚುಕಮ್ಮಿ ಖಾಲಿ, ಬರುಬರುತ್ತಾ ಅದು ತುಂಬಿಕೊಳ್ಳುತ್ತಾ ಹೋಗುತ್ತದೆ. ಆ ಚಿತ್ರಗಳನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದ ದಿನ ಅಮ್ಮ ಮೊದಲ ಸಲ ಸ್ವಲ್ಪ ಸಮಾಧಾನ ಆದರು.

ನೆಲದ ಮೇಲೆ ಕೂತು ಬಗ್ಗಿ ರಂಗೋಲಿ ಹಾಕಿಸಬೇಡಿ. ತಲೆ ಸುತ್ತು ಬರುತ್ತದೆ, ಬಿದ್ದರೆ ಮತ್ತೆ ಪೆಟ್ಟು. ಆಪರೇಷನ್‌ನಲ್ಲಿ ತಲೆಯ ಮೂಳೆ ತೆಗೆದು ಇನ್ನೂ ವಾಪಸ್ ಇಟ್ಟಿಲ್ಲದಿದ್ದರಂತೂ ಬಗ್ಗುವ ಬಗ್ಗೆ ಡಾಕ್ಟರ್ ಹೇಳಿದ್ದನ್ನು ಮೀರಲೇಬೇಡಿ. ಗಟ್ಟಿ ಕುರ್ಚಿ, ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗಿರುವ ಟೇಬಲ್ಲು, ಕಾಲು ನೆಲಕ್ಕೆ ಊರಿರಬೇಕು.

ಕೈ ಸೋತವರಿಗೆ ತೆಳ್ಳಗಿನ ಪೆನ್ಸಿಲ್ ಕೊಟ್ಟರೆ ಜಾರುತ್ತದೆ, ಕೋಪ ಬರುತ್ತದೆ. ದಪ್ಪ ಕ್ರೇಯಾನ್ ಕೊಡಿ, ಬ್ರಷ್ಷಿನ ಹಿಡಿಗೆ ಹಳೇ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಹಾಳೆ ಓಡಾಡದಂತೆ ನಾಲ್ಕೂ ಮೂಲೆಗೆ ಟೇಪು. ಸೋತ ಕೈಯನ್ನು ಮಡಿಲಲ್ಲಿ ಬಿಡಬೇಡಿ, ಹಾಳೆ ಒತ್ತಿ ಹಿಡಿಯುವ ಕೆಲಸವಾದರೂ ಅದಕ್ಕೆ ಇರಲಿ. ಅದಕ್ಕೂ ಮುಂಚೆ, ಏನೂ ಹಿಡಿಯಲು ಆಗದವರಿಗೆ ಅಗಲವಾದ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಗೆರೆ ಎಳೆಸಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಆಯಿತು. ಕಲಸಿದ ಚಪಾತಿ ಹಿಟ್ಟಿಗೆ ಅರಿಶಿನ ಹಾಕಿ ಉಂಡೆ, ಹಾವು, ದೀಪ ಮಾಡಿಸಬಹುದು. ರಂಗೋಲಿ ಬಣ್ಣದ ಪುಡಿ ಬೇಡ, ಗೊತ್ತಿಲ್ಲದೆ ಬಾಯಿಗೆ ಹಾಕಿಕೊಳ್ಳುವವರು ಇರುತ್ತಾರೆ.

ನಮ್ಮ ತಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದವನು. ಚಿಟ್ಟೆ ಹೊರಬಂದು ತೂತಾದ ಗೂಡುಗಳನ್ನು ಒಂದು ಮೊರದಲ್ಲಿ ಹಾಕಿ ಮುಂದಿಟ್ಟೆ. ಒಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ಆಮೇಲೆ ಹೆಬ್ಬೆರಳಲ್ಲಿ ಅದುಮಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗೆ ನೆನಪಿತ್ತು. ಅವತ್ತಿನಿಂದ ಗೂಡಿಗೆ ಬಣ್ಣ ಹಚ್ಚುವುದು, ಮೊಂಡು ಸೂಜಿಯಲ್ಲಿ ಪೋಣಿಸಿ ಹಾರ ಮಾಡುವುದು ಶುರುವಾಯಿತು, ಎಡಗೈ ಗೂಡು ಹಿಡಿಯಲೇಬೇಕಲ್ಲ. ನಿಮ್ಮ ಮನೆಯವರು ಮೊದಲು ಯಾವ ಕೆಲಸ ಮಾಡುತ್ತಿದ್ದರೋ ಅದರ ವಸ್ತು ಹುಡುಕಿ. ಟೈಲರ್‌ಗೆ ಬಟ್ಟೆ ಚೂರು, ಹೂ ಕಟ್ಟುವವರಿಗೆ ಹೂ.

ಮಾತು ಹೋದವರ ಜೊತೆ ಚಿತ್ರದಲ್ಲೇ ಮಾತಾಡಬಹುದು. ಲೋಟ, ಹಾಸಿಗೆ, ಬಚ್ಚಲು, ಫ್ಯಾನು ಇವುಗಳನ್ನು ಅವರೇ ಬಿಡಿಸಲಿ, ಅಂಕುಡೊಂಕಾದರೂ ಪರವಾಗಿಲ್ಲ, ಅದನ್ನೇ ರಟ್ಟಿಗೆ ಅಂಟಿಸಿ ಕೈಗೆಟುಕುವ ಹಾಗೆ ಇಡಿ. ಬಿಡಿಸಲು ಆಗದಿದ್ದರೆ ಹಳೇ ಕ್ಯಾಲೆಂಡರ್, ಲಗ್ನಪತ್ರಿಕೆಗಳಿಂದ ನೀವು ಕತ್ತರಿಸಿ ಕೊಡಿ, ಅವರು ಆರಿಸಿ ಅಂಟಿಸಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಪೆಟ್ಟಾದ ಮೇಲೆ ಯಾವುದು ಮೊದಲು ಬರುತ್ತದೋ ಅದರಲ್ಲೇ ಮಾತಾಡಿ, "ಕನ್ನಡದಲ್ಲಿ ಹೇಳು" ಅಂತ ಪೀಡಿಸಬೇಡಿ.

ಹೊತ್ತು ಮುಖ್ಯ. ಪೆಟ್ಟಾದ ಮೆದುಳು ಬೇಗ ದಣಿಯುತ್ತದೆ, ಇದು ಸೋಮಾರಿತನ ಅಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ, ಟಿವಿ ಆಫ್ ಮಾಡಿ, ಹತ್ತು ನಿಮಿಷ. ಇನ್ನೂ ಮಾಡುತ್ತೇನೆ ಅನ್ನುವಾಗಲೇ ನಿಲ್ಲಿಸಿದರೆ ನಾಳೆಗೆ ಆಸೆ ಉಳಿಯುತ್ತದೆ. ಒಂದೇ ಸಲ ಹನ್ನೆರಡು ಬಣ್ಣ ಇಡಬೇಡಿ, ಎರಡು ಇಟ್ಟು "ಯಾವುದು ಬೇಕು?" ಅಂತ ಕೇಳಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅದು ಮುಗಿದ ಮೇಲೆ ಮುಂದಿನದು.

ಬಾತುಕೋಳಿಗೆ ಬಣ್ಣ ತುಂಬುವಂಥ ಮಕ್ಕಳ ಪುಸ್ತಕ ದಯವಿಟ್ಟು ತರಬೇಡಿ. ನಾನು ಆ ತಪ್ಪು ಮಾಡಿದೆ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಪುಸ್ತಕ ನೋಡಿ ಮುಖ ತಿರುಗಿಸಿಕೊಂಡು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹಾಗೇ ಚಿತ್ರ ತಿದ್ದಬೇಡಿ, ಅವರ ಕೈಯಿಂದ ಬ್ರಷ್ ಕಿತ್ತುಕೊಂಡು ಮುಗಿಸಿಕೊಡಬೇಡಿ. ಬಂದ ನೆಂಟರು "ಅಯ್ಯೋ ಮೊದಲು ಎಷ್ಟು ಚೆನ್ನಾಗಿದ್ದ" ಅನ್ನುತ್ತಾರೆ, ಅವರನ್ನು ಆ ಹೊತ್ತಿಗೆ ರೂಮಿನಿಂದ ಆಚೆ ಕೂರಿಸಿ. ಹಾಳೆ ಪೂರ್ತಿ ಕಪ್ಪು ಬಳಿದರೆ ಅದಕ್ಕೆ ಅರ್ಥ ಹುಡುಕಲು ಹೋಗಬೇಡಿ, "ಇದರ ಬಗ್ಗೆ ಏನಾದರೂ ಹೇಳ್ತೀಯಾ?" ಅಂತ ಕೇಳಿ, ಹೇಳದಿದ್ದರೆ ಬಿಡಿ. ಎಸೆದರೆ, ಕೂಗಿದರೆ ಅವತ್ತಿಗೆ ಎತ್ತಿಡಿ, ಜಗಳ ಬೇಡ.

ಆದರೆ ಬದುಕೇ ಬೇಡ ಅನ್ನುವ ಮಾತು ಬಂದರೆ ಅದನ್ನು ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವ ನಾವೂ ಮಾಡಬಹುದು. ಹೊಸದಾಗಿ ಜೋರು ತಲೆನೋವು, ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಇವುಗಳಲ್ಲಿ ಯಾವುದಾದರೂ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಪ್ರತಿ ಹಾಳೆಯ ಹಿಂದೆ ತಾರೀಖು, ಎಷ್ಟು ನಿಮಿಷ ಕೂತರು, ಎಷ್ಟು ಸಲ ನೆನಪಿಸಬೇಕಾಯಿತು ಅಂತ ಬರೆದಿಡಿ. ಸ್ಲೇಟು, ಹಿಟ್ಟಿನ ತಟ್ಟೆಯಾದರೆ ಫೋಟೋ ತೆಗೆದಿಡಿ. ಥೆರಪಿಸ್ಟ್ ಹತ್ತಿರ ಹೋಗುವಾಗ ಎಲ್ಲ ತೆಗೆದುಕೊಂಡು ಹೋಗಿ. "ಪರವಾಗಿಲ್ಲ, ಸ್ವಲ್ಪ ಸುಧಾರಿಸಿದ್ದಾನೆ" ಅಂತ ನಾವು ಬಾಯಲ್ಲಿ ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಹಾಳೆಗಳನ್ನು ಥೆರಪಿಸ್ಟ್ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಿದರು, ಎಡ ಅಂಚಿನಿಂದ ಎಷ್ಟು ದೂರಕ್ಕೆ ಗೆರೆ ಶುರುವಾಗಿದೆ ಅಂತ ಸ್ಕೇಲಿಟ್ಟು ಅಳೆದರು, ಕೆಂಪು ಟೇಪನ್ನು ಇನ್ನು ಮೇಲೆ ಅರ್ಧ ಅಗಲಕ್ಕೆ ಇಳಿಸಿ ಅಂದರು.