ಮೀಟರ್‌ನಲ್ಲಿ 2.01, ಬೋರ್ಡ್‌ನಲ್ಲಿ 1.66

ಕೋಲಾರದಲ್ಲಿ ನನ್ನದು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಕೆಲಸ. ಟೊಮೆಟೊ ಸೀಸನ್ ಬಂತೆಂದರೆ ಮಂಡಿಗಳಿಂದ ತಕ್ಕಡಿ ಬರುತ್ತಲೇ ಇರುತ್ತವೆ. 15 ಕೆಜಿ ಬಾಕ್ಸುಗಳನ್ನು ದಿನವಿಡೀ ಎತ್ತಿ ಕುಕ್ಕುತ್ತಿದ್ದರೆ ಯಾವ ತಕ್ಕಡಿ ತಾನೇ ತಡೆಯುತ್ತದೆ? ಕೆಟ್ಟಿರುವುದು ಲೋಡ್ ಸೆಲ್ಲೋ (ತೂಕವನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ ಭಾಗ), ಒಳಗಿನ 6 ವೋಲ್ಟ್ ಬ್ಯಾಟರಿಯೋ ಅಂತ ಬೇಗ ತಿಳಿಯಲು ಒಂದು ಟೆಸ್ಟ್ ಬೆಂಚ್ ಮಾಡಿಕೊಳ್ಳೋಣ ಅಂತ ವೋಲ್ಟೇಜನ್ನು ಅಳೆದು ಅಂಕಿಯಾಗಿ ಕೊಡುವ ಎಡಿಎಸ್1256 ಚಿಪ್ ಇರುವ ಇವ್ಯಾಲ್ಯುಯೇಶನ್ ಬೋರ್ಡ್ ತರಿಸಿದೆ. 24 ಬಿಟ್, ಎಂಟು ಚಾನಲ್.

ಮೊದಲ ದಿನ ಒಂದು ಹೊಸ ಪೆನ್ ಟಾರ್ಚ್ ಸೆಲ್ ಹಾಕಿ ನೋಡಿದೆ. ಮಲ್ಟಿಮೀಟರ್‌ನಲ್ಲಿ 1.58 ವೋಲ್ಟ್. ಲ್ಯಾಪ್‌ಟಾಪ್ ಪರದೆಯಲ್ಲಿ 0.79. ಜೊತೆಗೆ ಕೆಲಸ ಮಾಡುವ ಹುಡುಗ ನೋಡಿ, "ಅಣ್ಣಾ, ಬೋರ್ಡೇ ಹೋಗಿದೆ, ವಾಪಸ್ ಕಳಿಸಿಬಿಡಿ" ಅಂದ. ನಾನು ಸೆಲ್ ತೆಗೆದು ಇನ್‌ಪುಟ್ಟಿನ ಎರಡೂ ಪಿನ್‌ಗೆ ಒಂದು ತುಂಡು ವೈರ್ ಸುತ್ತಿದೆ. ಪರದೆ ಸೊನ್ನೆಗೆ ಬಂತು, ಕೆಲವು ಮೈಕ್ರೋವೋಲ್ಟ್ ಅಷ್ಟೇ. ಸೊನ್ನೆ ಸರಿಯಾಗಿದೆ, ಮೇಲಿನದು ಸರಿಯಾಗಿ ಅರ್ಧ. ಕೆಟ್ಟ ಚಿಪ್ ಇಷ್ಟು ಅಚ್ಚುಕಟ್ಟಾಗಿ ಅರ್ಧ ತೋರಿಸುವುದಿಲ್ಲ, ಅಲ್ವಾ? ಲೆಕ್ಕದಲ್ಲೇ ಎಲ್ಲೋ ಎಡವಟ್ಟಾಗಿದೆ. ಡೇಟಾಶೀಟ್ (ಚಿಪ್ ತಯಾರಕರ ವಿವರಪತ್ರ) ತೆಗೆದರೆ ಅಲ್ಲೇ ಇತ್ತು: ಈ ಚಿಪ್ ಅಳೆಯುವ ಪೂರ್ತಿ ಅಳತೆ ರೆಫರೆನ್ಸ್ ವೋಲ್ಟೇಜಿನ (ಚಿಪ್ ಹೋಲಿಸಿ ನೋಡುವ ಸ್ಥಿರ ವೋಲ್ಟೇಜ್) ಎರಡರಷ್ಟು. ರೆಫರೆನ್ಸ್ 2.5 ಆದರೆ, ಚಿಪ್ ಕೊಡುವ ಅತಿ ದೊಡ್ಡ ಅಂಕಿ 8388607 ಅಂದರೆ 5 ವೋಲ್ಟ್. ನಾನು ಪ್ರೋಗ್ರಾಮಿನಲ್ಲಿ 2.5 ಬರೆದಿದ್ದೆ. ತಿದ್ದಿದ ಕೂಡಲೇ 1.58 ಬಂತು.

ಇನ್ನೊಂದು ಸಣ್ಣ ತೊಂದರೆ, ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಕೈ ಹತ್ತಿರ ಹೋದರೆ ಇನ್ನೂ ಜಾಸ್ತಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಅರ್ಧ ಇಳಿಯಿತು. ಚಿಪ್ ಆನ್ ಆದಾಗ ಸೆಕೆಂಡಿಗೆ 30000 ಸಲ ಅಳೆಯುವ ವೇಗದಲ್ಲಿರುತ್ತದೆ. ಅದನ್ನು 10ಕ್ಕೆ ಇಳಿಸಿದೆ. ಆಗ ಒಂದೊಂದು ಅಳತೆ 100 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ನಮ್ಮ 50 ಹರ್ಟ್ಸ್ ಕರೆಂಟಿನ ಐದು ಪೂರ್ತಿ ಸುತ್ತು. ಏರಿದ್ದು ಇಳಿದದ್ದು ಹೊಡೆದುಹೋಗಿ ಅಂಕಿ ನಿಂತಿತು.

ನನ್ನನ್ನು ನಿಜವಾಗಿ ಸತಾಯಿಸಿದ್ದು ಇದಾದ ಮೇಲೆ ಬಂದ ತೊಂದರೆ. ತಕ್ಕಡಿಯ 6 ವೋಲ್ಟ್ ಬ್ಯಾಟರಿಯನ್ನು ನೇರ ಕೊಡುವ ಹಾಗಿಲ್ಲ, ಬೋರ್ಡ್ ತಡೆಯುವುದಿಲ್ಲ. ಅದಕ್ಕೆ 100 ಕಿಲೋ ಓಮ್ ಮತ್ತು 47 ಕಿಲೋ ಓಮ್ ರೆಸಿಸ್ಟರ್ ಸೇರಿಸಿ, ವೋಲ್ಟೇಜನ್ನು ಪಾಲು ಮಾಡಿ ಇಳಿಸುವ ಡಿವೈಡರ್ ಮಾಡಿದೆ. ಬ್ಯಾಟರಿ 6.30 ಇತ್ತು. ಬೋರ್ಡ್ ಓದಿದ್ದನ್ನು ಪ್ರೋಗ್ರಾಮ್ ಮತ್ತೆ ಬ್ಯಾಟರಿಯ ವೋಲ್ಟೇಜಿಗೆ ಏರಿಸಿ ತೋರಿಸುತ್ತದೆ, ಪರದೆ 5.19 ಅಂತು. ಲೆಡ್ ಆಸಿಡ್ ಬ್ಯಾಟರಿ 5.19ಕ್ಕೆ ಇಳಿದಿದೆ ಅಂದರೆ ನಾನೇ ಮಂಡಿಯವರಿಗೆ "ಹೊಸದು ಹಾಕಿಸಿ" ಅಂತೇನೆ. ಚೆನ್ನಾಗಿರುವ ಬ್ಯಾಟರಿಗೆ ದಂಡ ಕಟ್ಟಿಸಿದ ಹಾಗಾಗುತ್ತಿತ್ತು. ಆ ಮಾತು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ಬೆಳಿಗ್ಗೆ ಬೋರ್ಡಿನ ವೈರ್ ಬಿಚ್ಚಿ, ಡಿವೈಡರ್ ನಡುವಿನ ಬಿಂದುವಿಗೆ ಮಲ್ಟಿಮೀಟರ್ ಇಟ್ಟೆ. 2.01. ಲೆಕ್ಕದ ಪ್ರಕಾರ ಸರಿ. ಮೀಟರ್ ತೆಗೆಯದೆ, ಬೋರ್ಡಿನ ವೈರನ್ನು ಅದೇ ಬಿಂದುವಿಗೆ ಮುಟ್ಟಿಸಿದೆ. ಮೀಟರ್ ಕಣ್ಣೆದುರಿಗೇ 1.66ಕ್ಕೆ ಬಿತ್ತು. ವೈರ್ ಎತ್ತಿದರೆ 2.01, ಮುಟ್ಟಿಸಿದರೆ 1.66. ಹಾಗಾದರೆ ಬೋರ್ಡ್ ಸುಳ್ಳು ಹೇಳುತ್ತಿಲ್ಲ. ತಾನೇ ವೋಲ್ಟೇಜನ್ನು ಎಳೆದು ಇಳಿಸಿ, ಇಳಿದದ್ದನ್ನು ಸರಿಯಾಗಿ ಓದುತ್ತಿದೆ.

ಈ ಚಿಪ್ಪಿನ ಇನ್‌ಪುಟ್ ಒಳಗೆ ಸಣ್ಣ ಕೆಪಾಸಿಟರ್‌ಗಳಿವೆ. ಅವು ತುಂಬುತ್ತಾ ಖಾಲಿಯಾಗುತ್ತಾ ಇರುತ್ತವೆ, ಹೊರಗಿನಿಂದ ಸುಮಾರು 150 ಕಿಲೋ ಓಮ್ ರೆಸಿಸ್ಟರ್ ಇದ್ದ ಹಾಗೆ ಕಾಣುತ್ತವೆ. ನನ್ನ ಡಿವೈಡರ್ ಆ ಬಿಂದುವಿನಿಂದ ನೋಡಿದರೆ 32 ಕಿಲೋ ಓಮ್. ಅಂಥ ಮೂಲದ ಮೇಲೆ 150 ಕಿಲೋ ಓಮ್ ಹೇರಿದರೆ ವೋಲ್ಟೇಜ್ ಬೀಳಲೇಬೇಕು. ಮಲ್ಟಿಮೀಟರ್ 10 ಮೆಗಾ ಓಮ್, ಅದರ ಭಾರ ಗೊತ್ತೇ ಆಗುವುದಿಲ್ಲ.

"ಸುಮ್ನೆ 1.21ರಿಂದ ಗುಣಿಸಿಬಿಡೋಣ ಅಣ್ಣಾ" ಅಂದ ಹುಡುಗ. ಆ ಆಸೆ ನನಗೂ ಬಂದಿತ್ತು. ಅದಕ್ಕೇ ಚಿಪ್ಪಿನ ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) ಅನ್ನು 1ರಿಂದ 2ಕ್ಕೆ ಏರಿಸಿ ತೋರಿಸಿದೆ. ಇನ್‌ಪುಟ್ 75 ಕಿಲೋ ಓಮ್‌ಗೆ ಇಳಿಯಿತು, ರೀಡಿಂಗ್ 1.41ಕ್ಕೆ ಜಾರಿತು. ಗೇನ್ ಬದಲಿಸಿದಾಗಲೆಲ್ಲ ಬದಲಾಗುವ ತಪ್ಪಿಗೆ ಒಂದೇ ಗುಣಕ ಹಾಕಿ ಏನು ಪ್ರಯೋಜನ?

ಗೇನ್ ವಾಪಸ್ 1ಕ್ಕೆ ತಂದು, ಮೂಲದ ಮೇಲೆ ಭಾರ ಬೀಳದಂತೆ ನಡುವೆ ನಿಲ್ಲುವ, ಚಿಪ್ಪಿನಲ್ಲೇ ಇರುವ ಬಫರ್ ಆನ್ ಮಾಡಿದೆ. ಒಂದು ಬಿಟ್ ಬದಲಿಸಿದರೆ ಆಯಿತು. ಮೀಟರ್ 2.01ರಲ್ಲೇ ನಿಂತಿತು, ಪರದೆಯಲ್ಲಿ ಬ್ಯಾಟರಿ 6.3ಕ್ಕೆ ಬಂತು. ಬಫರ್ ಹಾಕಿದರೆ ಒಂದು ಕಟ್ಟುಪಾಡು ಇದೆ. 5 ವೋಲ್ಟ್ ಸಪ್ಲೈಯಲ್ಲಿ ಇನ್‌ಪುಟ್ 3 ವೋಲ್ಟ್ ದಾಟಬಾರದು. ಎರಡೂ ಕಡೆ 100 ಕಿಲೋ ಓಮ್ ಹಾಕಿದ್ದರೆ ನಡುವೆ 3.15 ಬಂದು ಸಿಕ್ಕಿಕೊಳ್ಳುತ್ತಿದ್ದೆ. 47 ಕಿಲೋ ಓಮ್ ಇದ್ದದ್ದು ಕಾಪಾಡಿತು.

ಮರುದಿನ ಲೋಡ್ ಸೆಲ್ ಜೋಡಿಸುವ ಮುಂಚೆಯೇ ಬಫರ್ ಆನ್ ಮಾಡಿದೆ. ಅಲ್ಲಿ ಗೇನ್ 64 ಬೇಕು. ಬಫರ್ ಇಲ್ಲದಿದ್ದರೆ ಇನ್‌ಪುಟ್ ಬರೀ 4.7 ಕಿಲೋ ಓಮ್, ಸೆಲ್ಲಿನ 350 ಓಮ್‌ಗೆ ಅದೂ ಭಾರವೇ. ಸೆಲ್ಲಿನ ಎರಡೂ ಸಿಗ್ನಲ್ ವೈರ್ 2.5 ವೋಲ್ಟ್ ಆಸುಪಾಸಿನಲ್ಲಿ ಇರುತ್ತವೆ, 3ರ ಮಿತಿಯೊಳಗೆ. 5 ಕೆಜಿ ಕಲ್ಲು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಎರಡು ಸಲವೂ ಒಂದೇ ಅಂಕಿ ಬಂತು.